ಹಸ್ಕಿಯ ಹಲ್ಲಿಗೆ ಕಟ್ಟಿದ ಅಂಕಿ

ಸೈಬೀರಿಯನ್ ಹಸ್ಕಿಯ ಕಡಿತದ ಬಲ ಎಷ್ಟು ಎಂದು ಇಂಟರ್ನೆಟ್ಟಿನಲ್ಲಿ ಹುಡುಕಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: 320 ಪಿಎಸ್‌ಐ. ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಾಯಿ ಜಗಳ ಶುರುವಾದಾಗ ಯಾರಾದರೂ ಈ ಅಂಕಿಯನ್ನು ತಂದು ಹಾಕುತ್ತಾರೆ. ಮರಿ ಮಾರುವವರೂ ಇದನ್ನೇ ಹೇಳುತ್ತಾರೆ, ಆದರೆ ಹೊಗಳಿಕೆಯಾಗಿ. ಒಬ್ಬರಿಗೆ ಭಯ ಹುಟ್ಟಿಸಲು, ಇನ್ನೊಬ್ಬರಿಗೆ ಆಸೆ ಹುಟ್ಟಿಸಲು ಅದೇ ಅಂಕಿ. ಅದರ ಜಾಡು ಹಿಡಿದು ಹೊರಟರೆ ಒಂದು ಪುಟ ಇನ್ನೊಂದನ್ನು ತೋರಿಸುತ್ತದೆ, ಅದು ಮತ್ತೊಂದನ್ನು. ಹಸ್ಕಿಯ ಬಾಯಿಗೆ ಮಾಪಕ ಕೊಟ್ಟು ಅಳೆದವರ ಹೆಸರು ಮಾತ್ರ ಬರುವುದಿಲ್ಲ. ಇಂಥ ಅಂಕಿಯ ಮೇಲೆ ಒಂದು ಪ್ರಾಣಿಯ ಸ್ವಭಾವವನ್ನು ತೀರ್ಮಾನಿಸುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಅನ್ಯಾಯ ನಾಯಿಗೆ ಮಾತ್ರವಲ್ಲ, ಅದರ ಜೊತೆ ಒಂದೇ ಲಿಫ್ಟಿನಲ್ಲಿ ಇಳಿಯುವ ಮಕ್ಕಳಿಗೂ. ಅಂಕಿಯನ್ನು ನಂಬಿ ಕೂತವರು ನಾಯಿಯನ್ನು ನೋಡುವುದನ್ನು ಬಿಡುತ್ತಾರೆ.

ಮೊದಲು ಈ ಪಿಎಸ್‌ಐ ವಿಚಾರ. ಅದು ಒತ್ತಡದ ಅಳತೆ. ಒಂದು ಚದರ ಅಂಗುಲದ ಮೇಲೆ ಎಷ್ಟು ಪೌಂಡ್ ಬಲ ಬೀಳುತ್ತಿದೆ ಎಂಬ ಲೆಕ್ಕ. ಕಾರಿನ ಟೈರಿಗೆ ಅದು ಸರಿ, ಒಳಗಿನ ಗಾಳಿ ಎಲ್ಲ ಕಡೆಗೂ ಸಮನಾಗಿ ಒತ್ತುತ್ತದೆ. ಕೋರೆಹಲ್ಲಿನ ತುದಿ ಚರ್ಮಕ್ಕೆ ತಾಗುವುದು ಮಾತ್ರ ಬಹಳ ಚಿಕ್ಕ ಜಾಗದಲ್ಲಿ. ಅದೇ ಬಲ ಹಿಂದಿನ ಅಗಲವಾದ ಹಲ್ಲಿನ ಮೂಲಕ ಬಿದ್ದರೆ ಒತ್ತಡ ಎಷ್ಟೋ ಪಾಲು ಇಳಿಯುತ್ತದೆ. ಯಾವ ಹಲ್ಲು, ಎಷ್ಟು ಜಾಗ ಎಂದು ಹೇಳದೆ ಪಿಎಸ್‌ಐ ಹೇಳಿದರೆ ಅದರಿಂದ ಏನೂ ತಿಳಿಯುವುದಿಲ್ಲ. ಇದನ್ನು ಅಭ್ಯಾಸ ಮಾಡುವ ವಿಜ್ಞಾನಿಗಳು ಬಲವನ್ನೇ ಅಳೆಯುತ್ತಾರೆ, ನ್ಯೂಟನ್ ಲೆಕ್ಕದಲ್ಲಿ.

ಗೊಂದಲ ಹಬ್ಬಿದ್ದರಲ್ಲಿ ಒಂದು ಟಿವಿ ಕಾರ್ಯಕ್ರಮದ ಪಾಲೂ ಇದೆ. ನ್ಯಾಷನಲ್ ಜಿಯಾಗ್ರಫಿಕ್ ವಾಹಿನಿಗಾಗಿ ಬ್ರಾಡಿ ಬಾರ್ ಎಂಬ ಪ್ರಾಣಿತಜ್ಞರು ತರಬೇತಿಯಲ್ಲಿ ಬಳಸುವ ದಪ್ಪ ತೋಳುಪಟ್ಟಿಯೊಳಗೆ ಮಾಪಕ ಇಟ್ಟು ನಾಯಿಗಳಿಂದ ಕಚ್ಚಿಸಿದರು. ಜರ್ಮನ್ ಶೆಫರ್ಡ್ 238 ಪೌಂಡ್ ಬಲ ತೋರಿಸಿತು, ಪಿಟ್ ಬುಲ್ 235, ರಾಟ್‌ವೀಲರ್ 328. ತಳಿಗೊಂದರಂತೆ ಮೂರು ನಾಯಿ. ಅವುಗಳಲ್ಲಿ ಹಸ್ಕಿ ಇರಲಿಲ್ಲ. ಪೌಂಡ್ ಎಂದಿದ್ದದ್ದು ಬಾಯಿಂದ ಬಾಯಿಗೆ ಹೋಗುತ್ತ ಪಿಎಸ್‌ಐ ಆಯಿತು, ಒಂದು ನಾಯಿಯ ಫಲಿತಾಂಶ ಇಡೀ ತಳಿಯ ಗುಣವಾಯಿತು. ಅಲ್ಲಿಂದ ಮುಂದೆ ಪಟ್ಟಿ ತಾನೇ ಬೆಳೆಯಿತು.

ನಿಜವಾದ ಅಳತೆ ಎಷ್ಟು ಕಷ್ಟ ಎಂಬುದು ದವಡೆಯ ರಚನೆ ನೋಡಿದರೆ ಗೊತ್ತಾಗುತ್ತದೆ. ನಿಮ್ಮ ಕಣತಲೆಯ ಮೇಲೆ ಎರಡು ಬೆರಳಿಟ್ಟು ಹಲ್ಲು ಬಿಗಿಯಾಗಿ ಕಚ್ಚಿ. ಚರ್ಮದಡಿ ಒಂದು ಸ್ನಾಯು ಉಬ್ಬುತ್ತದೆ. ನಾಯಿಗೆ ಇದೇ ಸ್ನಾಯು ತಲೆಬುರುಡೆಯ ನೆತ್ತಿಯವರೆಗೂ ಹಬ್ಬಿದೆ. ಕಚ್ಚುವ ಬಲದ ದೊಡ್ಡ ಪಾಲು ಅಲ್ಲಿಂದ ಬರುತ್ತದೆ, ಉಳಿದದ್ದು ಮುಖ್ಯವಾಗಿ ಕೆನ್ನೆಯ ಸ್ನಾಯುವಿನಿಂದ. ಕೆಳದವಡೆಯ ಕೀಲು ಕಿವಿಯ ಮುಂದೆ. ಅಡಕತ್ತರಿಯ ತುದಿಯಲ್ಲಿ ಅಡಿಕೆ ಇಟ್ಟು ಒತ್ತಿದರೆ ಜಾರುತ್ತದೆ, ಕೀಲಿನ ಹತ್ತಿರ ಇಟ್ಟರೆ ಕಟಕ್ಕನೆ ಒಡೆಯುತ್ತದೆ, ದವಡೆಯೂ ಹಾಗೇ. ಮುಂದಿರುವ ಕೋರೆಹಲ್ಲಿನಲ್ಲಿ ಬಲ ಕಡಿಮೆ, ಹಿಂದೆ ಎಲುಬು ಒಡೆಯುವ ದವಡೆಹಲ್ಲಿನಲ್ಲಿ ಹೆಚ್ಚು. ಒಂದೇ ನಾಯಿ ಒಂದೇ ದಿನ ಎರಡು ಬೇರೆ ಅಂಕಿ ಕೊಡುತ್ತದೆ.

1995ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 22 ಸಾಕುನಾಯಿಗಳಿಗೆ ಚರ್ಮ ಸುತ್ತಿದ ಮಾಪಕವನ್ನು ಕಚ್ಚಲು ಕೊಟ್ಟರು. ಸಿಕ್ಕಿದ್ದು 13 ನ್ಯೂಟನ್‌ನಿಂದ 1,394 ನ್ಯೂಟನ್‌ವರೆಗೆ, ಸರಾಸರಿ 256. ಕಿಲೋ ಲೆಕ್ಕಕ್ಕೆ ತಂದರೆ ಸುಮಾರು 1.3 ಕಿಲೋ ಭಾರದ ಮೆಲುಕಚ್ಚಿನಿಂದ 140 ಕಿಲೋ ದಾಟಿದ ಕಡಿತದವರೆಗೆ. ಈ ಅಗಾಧ ಅಂತರವೇ ಆ ಅಧ್ಯಯನದ ಮುಖ್ಯ ಸುದ್ದಿ ಎನ್ನುವುದು ನನ್ನ ಎಣಿಕೆ. ಎಚ್ಚರವಿರುವ ನಾಯಿ ತನಗಿರುವ ಬಲವನ್ನೆಲ್ಲ ಹಾಕುವುದಿಲ್ಲ, ತನಗೆ ಬೇಕಾದಷ್ಟು ಹಾಕುತ್ತದೆ. ಅದಕ್ಕೇ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಸಂಶೋಧಕರು ಬೇರೆ ದಾರಿ ಹಿಡಿದರು. ಅರಿವಳಿಕೆ ಕೊಟ್ಟ ನಾಯಿಗಳ ದವಡೆ ಸ್ನಾಯುಗಳನ್ನು ವಿದ್ಯುತ್ತಿನಿಂದ ಪ್ರಚೋದಿಸಿ ಪೂರ್ತಿ ಬಲವನ್ನು ಅಳೆದರು, ತಲೆಬುರುಡೆಗಳ ಅಳತೆಯೊಂದಿಗೆ ತಾಳೆ ನೋಡಿದರು. ಬಲವನ್ನು ನಿರ್ಧರಿಸುವುದು ಮುಖ್ಯವಾಗಿ ನಾಯಿಯ ಗಾತ್ರ, ಆಮೇಲೆ ತಲೆಯ ಆಕಾರ: ಮಧ್ಯಮ ಮತ್ತು ದೊಡ್ಡ ನಾಯಿಗಳಲ್ಲಿ ಮೂತಿ ಮೋಟಾಗಿ ತಲೆ ಅಗಲವಾದಷ್ಟೂ ಬಲ ಹೆಚ್ಚು.

ಹಸ್ಕಿಯನ್ನು ಇದರಲ್ಲಿಟ್ಟು ನೋಡಿ. ಗಂಡು 20ರಿಂದ 27 ಕಿಲೋ, ಹೆಣ್ಣು 16ರಿಂದ 23. ತುಪ್ಪಳ ದಪ್ಪಗಿರುವುದರಿಂದ ದೊಡ್ಡದಾಗಿ ಕಾಣುತ್ತದೆ. ಸ್ನಾನ ಮಾಡಿಸಿ ನೋಡಿದವರಿಗೆ ಒಳಗಿರುವ ಸಪೂರ ಮೈ ಗೊತ್ತು. ಮೂತಿ ತೀರಾ ಉದ್ದವೂ ಅಲ್ಲ, ಮೋಟೂ ಅಲ್ಲ. ಅಂದರೆ ಅದರ ಕಡಿತ ಮಧ್ಯಮ ಗಾತ್ರದ ಬೇರೆ ಯಾವುದೇ ನಾಯಿಯ ಕಡಿತದ ಹಾಗೆ. ಮಗುವಿನ ಕೈಗೆ ಗಾಯ ಮಾಡಲು ಅಷ್ಟು ಸಾಕು, ನಮ್ಮ ಬೀದಿನಾಯಿಗೂ ಅಷ್ಟು ಬಲ ಇದೆ. ಇದೇ ಬಳಗದ ಅಲಾಸ್ಕನ್ ಮಾಲಮ್ಯೂಟ್ ಬೇರೆ ಲೆಕ್ಕ. ಗಂಡು 38 ಕಿಲೋ ತೂಗುತ್ತದೆ, ತಲೆ ಅಗಲ. ದವಡೆಯೂ ಅದಕ್ಕೆ ತಕ್ಕಂತೆ. ನಮ್ಮಲ್ಲಿ ಎರಡನ್ನೂ ಹಸ್ಕಿ ಎಂದೇ ಕರೆಯುವವರಿದ್ದಾರೆ, ಹಾಗಾಗಿ ಇಷ್ಟು ಬಿಡಿಸಿ ಹೇಳಬೇಕಾಯಿತು.

ಇನ್ನು ಹಸ್ಕಿಯ ಸ್ವಭಾವ. ಇದರ ಬೇರು ಈಶಾನ್ಯ ಸೈಬೀರಿಯಾದ ಚುಕೋಟ್ಕಾದಲ್ಲಿದೆ. ಅಲ್ಲಿನ ಚುಕ್ಚಿ ಜನರಿಗೆ ಹಗುರ ಹೊರೆಯನ್ನು, ಹದವಾದ ವೇಗದಲ್ಲಿ, ದಣಿಯದೆ ಬಹುದೂರ ಎಳೆಯುವ ನಾಯಿಗಳು ಬೇಕಿದ್ದವು. ಉತ್ತರದ ಹಿಮಸೀಮೆಯಲ್ಲಿ ಈ ಕಸುಬು ತುಂಬ ಹಳೆಯದು. ಸೈಬೀರಿಯಾದ ಜೊಖೋವ್ ದ್ವೀಪದಲ್ಲಿ ಸಿಕ್ಕ ಸುಮಾರು 9,500 ವರ್ಷ ಹಿಂದಿನ ನಾಯಿಯ ವಂಶವಾಹಿಗಳು ಇಂದಿನ ಬಂಡಿನಾಯಿಗಳಿಗೆ ಹತ್ತಿರ ಎಂದು 2020ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಇಷ್ಟು ಕಾಲ ಒಂದೇ ಕೆಲಸಕ್ಕೆ ಆಯ್ದು ಬೆಳೆಸಿದ ಪ್ರಾಣಿಯಲ್ಲಿ ಆ ಕೆಲಸಕ್ಕೆ ಬೇಕಾದ ಗುಣಗಳು ಗಟ್ಟಿಯಾಗಿ ಕೂರುತ್ತವೆ.

ಏನವು? ಮೊದಲನೆಯದು ಸ್ನೇಹ. ಹತ್ತಾರು ನಾಯಿಗಳನ್ನು ಮೈಗೆ ಮೈ ತಾಗುವಂತೆ ಒಂದೇ ಹಗ್ಗಕ್ಕೆ ಹೂಡುತ್ತಾರೆ. ಪಕ್ಕದ ನಾಯಿಯ ಮೇಲೆ ಎರಗುವಂಥದ್ದು ಇದ್ದರೆ ಹಿಮದ ನಡುವೆ ಇಡೀ ತಂಡ ಸಿಕ್ಕುಬೀಳುತ್ತದೆ. ಹಗ್ಗ ಕಟ್ಟುವಾಗ, ಪಾದದ ಬಿರುಕಿಗೆ ಔಷಧಿ ಹಚ್ಚುವಾಗ ಮನುಷ್ಯರ ಕೈ ದಿನವೂ ಅದರ ಬಾಯಿಯ ಹತ್ತಿರ ಆಡುತ್ತದೆ; ಕಚ್ಚುವ ನಾಯಿಗೆ ಅಲ್ಲಿ ಜಾಗವಿಲ್ಲ. ಈ ಕಾರಣಕ್ಕೆ ಹಸ್ಕಿ ಮನುಷ್ಯರೊಡನೆ ಸಲಿಗೆಯ ನಾಯಿ. ಅಪರಿಚಿತರನ್ನು ಕಂಡರೆ ಬಾಲ ಅಲ್ಲಾಡಿಸುತ್ತದೆ. ಅಮೆರಿಕನ್ ಕೆನಲ್ ಕ್ಲಬ್ 1930ರಲ್ಲಿ ಈ ತಳಿಗೆ ಮಾನ್ಯತೆ ಕೊಟ್ಟಿತು. ಕಾವಲುನಾಯಿಯ ಸ್ವಾಮ್ಯಬುದ್ಧಿ ಇದಕ್ಕಿಲ್ಲ ಎಂದು ಅದರ ತಳಿ ಲಕ್ಷಣದಲ್ಲೇ ಬರೆದಿದೆ. ಮನೆ ಕಾಯಲೆಂದು ಹಸ್ಕಿ ತರುವವರು ಇದನ್ನು ಮೊದಲು ತಿಳಿಯಬೇಕು. ಕಳ್ಳ ಬಂದರೂ ಅದು ಆಟಕ್ಕೆ ಹೋಗಬಹುದು.

ಎರಡನೆಯ ಗುಣ ಹಟ. ಬಂಡಿಯ ಮುಂದಾಳು ನಾಯಿಗೆ ಮಾಲೀಕನ ಕೂಗಿಗಿಂತ ತನ್ನ ಪಾದದಡಿಯ ಮಂಜುಗಡ್ಡೆ ಹೆಚ್ಚು ಗೊತ್ತಿರಬೇಕು. ಗಡ್ಡೆ ತೆಳುವಾಗಿದ್ದರೆ ಹೋಗು ಎಂದರೂ ಹೋಗಬಾರದು. 1925ರ ಜನವರಿಯಲ್ಲಿ ಅಲಾಸ್ಕದ ನೋಮ್ ಊರಿನ ಮಕ್ಕಳಿಗೆ ಗಂಟಲಮಾರಿ ಹಬ್ಬಿದಾಗ ಔಷಧಿ ತಲುಪಿಸಿದ್ದು ಇಂಥ ನಾಯಿಗಳು. ನೆನಾನಾದಿಂದ ನೋಮ್‌ಗೆ ಸುಮಾರು 1,085 ಕಿಲೋಮೀಟರ್. 20 ಮಂದಿ ಬಂಡಿ ಓಡಿಸುವವರು, ಸುಮಾರು 150 ನಾಯಿಗಳು ಸರದಿಯ ಮೇಲೆ ಐದೂವರೆ ದಿನದಲ್ಲಿ ಮುಟ್ಟಿಸಿದರು. ಕೊನೆಯ ಹಂತದ ಹಿಮಗಾಳಿಯಲ್ಲಿ ಗನ್ನರ್ ಕಾಸೆನ್‌ಗೆ ಕಣ್ಣೇ ಕಾಣದಿದ್ದಾಗ ದಾರಿ ಬಿಡದೆ ನಡೆದದ್ದು ಬಾಲ್ಟೋ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಅದರ ಪ್ರತಿಮೆ ಇದೆ. ಎಲ್ಲರಿಗಿಂತ ಉದ್ದದ ಮತ್ತು ಅಪಾಯದ ಹಾದಿ ಕ್ರಮಿಸಿದ್ದು ಲಿಯೋನಾರ್ಡ್ ಸೆಪಾಲಾ ಅವರ ಟೋಗೋ, ಆಗಲೇ ಹನ್ನೆರಡರ ಮುದಿಯ. ಈ ಟೋಗೋ ಮರಿಯಾಗಿದ್ದಾಗ ಕಾಟ ತಡೆಯಲಾರದೆ ಅದನ್ನು ಬೇರೆಯವರಿಗೆ ಕೊಟ್ಟುಬಿಟ್ಟಿದ್ದರು. ಅದು ಕಿಟಕಿಯ ಗಾಜು ಒಡೆದುಕೊಂಡು ಹಾರಿ ಸೆಪಾಲಾ ಬಳಿಗೇ ವಾಪಸಾಯಿತು. ಬೆಂಗಳೂರಿನ ಹಸ್ಕಿ ಗೇಟು ಹಾರಿ ಓಡಿಹೋಯಿತು, ಕರೆದರೆ ತಿರುಗಿ ನೋಡಲಿಲ್ಲ, ಬಾಗಿಲು ಕೆರೆದು ಹಾಳುಮಾಡಿತು ಎಂದು ಮನೆಯವರು ಗೋಳಾಡುವಾಗ ನನಗೆ ಟೋಗೋ ನೆನಪಾಗುತ್ತದೆ. ಈ ನಾಯಿ ಕೆಟ್ಟಿಲ್ಲ. ಕೆಲಸವಿಲ್ಲದೆ ಕೂತಿದೆ.

ಮೂರನೆಯದು ಬೇಟೆಯ ಚುರುಕು. ಅಪಾಯ ಇರುವುದು ನಿಜವಾಗಿ ಇಲ್ಲಿ. ಚುಕ್ಚಿಗಳು ಬೇಸಿಗೆಯಲ್ಲಿ ನಾಯಿಗಳನ್ನು ಬಿಟ್ಟುಬಿಡುತ್ತಿದ್ದರು, ಅವು ತಮ್ಮ ಆಹಾರ ತಾವೇ ಹುಡುಕಿಕೊಳ್ಳುತ್ತಿದ್ದವು ಎನ್ನುತ್ತಾರೆ. ಬೆಕ್ಕು, ಕೋಳಿ, ಮೊಲ, ಪುಟ್ಟ ಪೊಮೇರಿಯನ್ ಓಡಿದರೆ ಹಸ್ಕಿಯ ಕಣ್ಣು ಬದಲಾಗುವುದನ್ನು ಸಾಕಿದವರೆಲ್ಲ ಬಲ್ಲರು. ಇದು ಕೋಪವಲ್ಲ, ಗುರುಗುಟ್ಟುವಿಕೆಯೂ ಇರುವುದಿಲ್ಲ. ಮುನ್ಸೂಚನೆ ಇಲ್ಲದೆ ನಡೆದುಹೋಗುತ್ತದೆ. ಅಮೆರಿಕದಲ್ಲಿ 1979ರಿಂದ 1998ರವರೆಗೆ ನಾಯಿ ದಾಳಿಯಿಂದಾದ ಸಾವುಗಳನ್ನು ಪರಿಶೀಲಿಸಿ 2000ದಲ್ಲಿ ಪ್ರಕಟಿಸಿದ ವರದಿಯೊಂದಿದೆ. ತಳಿ ಗೊತ್ತಾದ 238 ಸಾವುಗಳಲ್ಲಿ ಕನಿಷ್ಠ 25 ತಳಿಗಳ ಹೆಸರು ಬಂದಿತ್ತು: ಪಿಟ್ ಬುಲ್ ಮಾದರಿಯವು 66, ರಾಟ್‌ವೀಲರ್ 39, ಹಸ್ಕಿ ಮಾದರಿಯವು 15, ಮಾಲಮ್ಯೂಟ್ 12. ಯಾವ ತಳಿಯ ನಾಯಿ ಒಟ್ಟು ಎಷ್ಟಿವೆ ಎಂಬ ಲೆಕ್ಕ ಇಲ್ಲದಿರುವುದರಿಂದ ಇದರಿಂದ ಯಾವುದು ಹೆಚ್ಚು ಅಪಾಯಕಾರಿ ಎಂದು ಹೇಳಲಾಗದು ಎಂದು ಆ ವರದಿ ಬರೆದವರೇ ಎಚ್ಚರಿಸಿದ್ದಾರೆ. ಆ ಎಚ್ಚರಿಕೆಯನ್ನು ನಾನು ಒಪ್ಪುತ್ತೇನೆ. ಆದರೂ ಇಷ್ಟು ಸ್ನೇಹದ ನಾಯಿ ಆ ಪಟ್ಟಿಯಲ್ಲಿ ಇದೆ ಎಂಬುದನ್ನು ಹಸ್ಕಿ ಪ್ರೇಮಿಗಳು ಪಕ್ಕಕ್ಕೆ ಸರಿಸಬಾರದು. ತೊಟ್ಟಿಲ ಕೂಸಿನ ಕೀರಲು ಅಳು, ಕೈಕಾಲು ಬಡಿತ ಇವು ನಾಯಿಗೆ ಮನುಷ್ಯನ ಗುರುತಾಗಿ ಕಾಣದೇ ಇರಬಹುದು. ಹಸುಗೂಸಿರುವ ಕೋಣೆಯಲ್ಲಿ ಯಾವ ನಾಯಿಯನ್ನೂ, ಎಷ್ಟೇ ಸಾಧುವಾಗಿರಲಿ, ಒಂದು ನಿಮಿಷವೂ ಒಂಟಿಯಾಗಿ ಬಿಡಬಾರದು. ಹಾಲು ಉಕ್ಕಿತೆಂದು ಅಡುಗೆಮನೆಗೆ ಓಡುವಾಗಲೂ ನಾಯಿಯನ್ನು ಜೊತೆಗೆ ಕರೆದುಕೊಂಡೇ ಹೋಗಬೇಕು.

ತಳಿ ಎಲ್ಲವನ್ನೂ ಹೇಳುತ್ತದೆ ಎಂದೂ ತಿಳಿಯಬೇಡಿ. 2022ರಲ್ಲಿ 18,000ಕ್ಕೂ ಹೆಚ್ಚು ನಾಯಿಗಳ ಮಾಲೀಕರನ್ನು ಕೇಳಿ, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ವಂಶವಾಹಿ ಓದಿ ಮಾಡಿದ ಅಧ್ಯಯನವೊಂದು, ನಾಯಿ ನಾಯಿಗೂ ಇರುವ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇ 9 ಎಂದಿತು. ಉಳಿದದ್ದು ಸಾಕಿದ ರೀತಿ, ವಯಸ್ಸು, ಅನುಭವ, ಆ ನಾಯಿಯ ಸ್ವಂತದ ಗುಣ. ಅಮೆರಿಕದ ಡೆನ್ವರ್ ನಗರದ ಹಳೆಯ ಅಧ್ಯಯನವೊಂದರಲ್ಲಿ, ಅಂಗಳದಲ್ಲಿ ಸರಪಳಿಗೆ ಕಟ್ಟಿಹಾಕಿದ ನಾಯಿ ಕಚ್ಚುವ ಸಂಭವ ಬಿಟ್ಟಿರುವ ನಾಯಿಗಿಂತ ಸುಮಾರು ಮೂರು ಪಟ್ಟು ಇತ್ತು. ನಮ್ಮಲ್ಲಿ ಹಸ್ಕಿ ಓಡಿಹೋಗುತ್ತದೆಂದು ಮೊದಲು ಮಾಡುವ ಕೆಲಸ ಬಾಲ್ಕನಿಯ ಕಂಬಿಗೆ ಕಟ್ಟುವುದು.

ಕಡಿತದ ಬಲವನ್ನು ನಾಯಿ ತಾನೇ ಹಿಡಿತದಲ್ಲಿಡುವುದು ಹೇಗೆ ಎಂಬುದನ್ನು ಒಮ್ಮೆ ಬೆಂಗಳೂರಿನ ಪಶುವೈದ್ಯರೊಬ್ಬರ ಕೋಣೆಯಲ್ಲಿ ನೋಡಿದೆ. ಒಂದು ಹೆಣ್ಣು ಹಸ್ಕಿಗೆ ಉಗುರು ಕತ್ತರಿಸಬೇಕಿತ್ತು. ಕತ್ತರಿ ತಾಗುವ ಮುಂಚೆಯೇ ಅದು ಕಿರುಚಿದ ರೀತಿಗೆ ಹೊರಗೆ ಕೂತಿದ್ದವರೆಲ್ಲ ಎದ್ದು ನಿಂತರು. “ಕಚ್ಚುತ್ತೆ ಅಣ್ಣ, ಬಾಯಿ ಕಟ್ಟಿ” ಎಂದು ಸಾಕಿದ ಹುಡುಗಿ ಹೆದರಿದಳು. ಸಹಾಯಕ ಅಲ್ಲಾಡಲಿಲ್ಲ. “ಇರಮ್ಮ, ಇದು ಕೂಗ್ತಿರೋದು. ಕೂಗು ನಿಂತು ಮೈ ಸೆಟೆದುಕೊಂಡ್ರೆ ಆಗ ಕಟ್ಟೋಣ” ಎಂದ. ನಾಲ್ಕನೆಯ ಉಗುರಿಗೆ ನಾಯಿ ಸರ್ರನೆ ತಿರುಗಿ ಅವನ ಮಣಿಕಟ್ಟನ್ನು ಪೂರ್ತಿ ಬಾಯೊಳಗೆ ಹಿಡಿಯಿತು. ಹಿಡಿದು, ಅವನ ಮುಖ ನೋಡಿ, ಬಿಟ್ಟಿತು. ಕೈಮೇಲೆ ಜೊಲ್ಲು ಬಿಟ್ಟರೆ ಗೀರು ಕೂಡ ಇರಲಿಲ್ಲ. ಅವನು ಕತ್ತರಿ ಕೆಳಗಿಟ್ಟು ಐದು ನಿಮಿಷ ಬಿಡುವು ಕೊಟ್ಟ.

ಈ ಹಿಡಿತವನ್ನು ಮರಿ ಕಲಿಯುವುದು ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆ. ಆಡುವಾಗ ಜೋರಾಗಿ ಕಚ್ಚಿದರೆ ಇನ್ನೊಂದು ಮರಿ ಕುಂಯ್ಗುಟ್ಟಿ ಆಟ ನಿಲ್ಲಿಸುತ್ತದೆ. ಎಷ್ಟು ಒತ್ತಬಹುದು ಎಂಬ ಅಂದಾಜು ಹೀಗೆ ಬರುತ್ತದೆ. ಎಂಟು ವಾರ ತುಂಬುವ ಮೊದಲೇ ತಾಯಿಯಿಂದ ಬಿಡಿಸಿದ ಮರಿಗೆ ಈ ಪಾಠ ಅರ್ಧಕ್ಕೆ ನಿಲ್ಲುತ್ತದೆ. ಹೊಟ್ಟೆಪಾಡಿನ ಅವಸರದಲ್ಲಿ ಮೂವತ್ತು ದಿನದ ಮರಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಮಾರುವವರು, ಮುದ್ದಾಗಿದೆ ಎಂದು ಕೊಳ್ಳುವವರು ಇಬ್ಬರೂ ಸೇರಿ ನಾಳೆಯ ಕಡಿತವನ್ನು ತಯಾರು ಮಾಡುತ್ತಾರೆ. ಕಡಿತದ ತೀವ್ರತೆಯನ್ನು ಇಯಾನ್ ಡನ್ಬಾರ್ ಎಂಬ ಪಶುವೈದ್ಯರು ಆರು ಹಂತಗಳಲ್ಲಿ ವಿಂಗಡಿಸಿದ್ದಾರೆ. ಹಲ್ಲು ತಾಗದ ಬೆದರಿಕೆ ಮೊದಲನೆಯದು, ಸಾವು ಕೊನೆಯದು. ನೋಡುವುದು ಗಾಯದ ಆಳವನ್ನು, ತಳಿಯನ್ನಲ್ಲ. ಮೊದಲ ಎರಡು ಹಂತದಲ್ಲಿ ಚರ್ಮ ತೂತಾಗುವುದಿಲ್ಲ, ಆ ನಾಯಿಯನ್ನು ತಿದ್ದುವುದು ಸಾಧ್ಯ.

ಗುರುಗುಟ್ಟಿದ್ದಕ್ಕೆ ನಾಯಿಯನ್ನು ಹೊಡೆಯುವವರಿದ್ದಾರೆ. ದಯವಿಟ್ಟು ಹೊಡೆಯಬೇಡಿ. ಗುರ್ ಎನ್ನುವುದು ಅದು ಕೊಡುವ ಕೊನೆಯ ನೋಟಿಸು. ಅದಕ್ಕೂ ಮುಂಚೆ ನಾಯಿ ಮುಖ ತಿರುಗಿಸಿರುತ್ತದೆ, ತುಟಿ ನೆಕ್ಕಿರುತ್ತದೆ, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡಿರುತ್ತದೆ, ಮೈ ಬಿಗಿ ಹಿಡಿದು ನಿಂತಿರುತ್ತದೆ. ಹೊಡೆತ ತಿಂದ ನಾಯಿ ಗುರುಗುಟ್ಟುವುದನ್ನು ಬಿಡುತ್ತದೆ, ಕಚ್ಚುವುದನ್ನಲ್ಲ.

ಹಸ್ಕಿ ನಮ್ಮ ಊರಿಗೆ ಬಂದದ್ದು ಮುಖ ನೋಡಿ. ತೋಳದ ರೂಪ, ನೀಲಿ ಕಣ್ಣು. ಬೆಳೆದ ತೋಳಕ್ಕೆ ನೀಲಿ ಕಣ್ಣು ಇರುವುದೇ ಇಲ್ಲ, ಹಳದಿ ಛಾಯೆಯದು. ಹಸ್ಕಿಯ ನೀಲಿ 18ನೆಯ ವರ್ಣತಂತುವಿನ ಒಂದು ತುಣುಕು ಇಮ್ಮಡಿಯಾದ್ದರಿಂದ ಬಂದದ್ದೆಂದು 2018ರಲ್ಲಿ ಗೊತ್ತಾಯಿತು. ತೋಳಗಳು ಬರುವ ಗೇಮ್ ಆಫ್ ಥ್ರೋನ್ಸ್ ಧಾರಾವಾಹಿ ನೋಡಿ ಹಸ್ಕಿ ಕೊಂಡು ಆಮೇಲೆ ಬಿಟ್ಟುಬಿಡುವವರು ಎಷ್ಟು ಹೆಚ್ಚಿದರೆಂದರೆ, 2017ರಲ್ಲಿ ಅದರ ನಟ ಪೀಟರ್ ಡಿಂಕ್ಲೇಜ್ ಅವರೇ ಕೊಳ್ಳಬೇಡಿ ಎಂದು ಅಭಿಮಾನಿಗಳನ್ನು ಕೇಳಿಕೊಂಡರು. ನಮ್ಮಲ್ಲಿ ‘ವೂಲಿ ಕೋಟ್’ ಎಂದು ಹೆಚ್ಚು ಬೆಲೆಗೆ ಮಾರುವ ಉದ್ದ ಕೂದಲಿನ ಮರಿ, ತಳಿ ಲಕ್ಷಣದ ಪ್ರಕಾರ ದೋಷವುಳ್ಳದ್ದು. ಕೊಳ್ಳುವವರಿಗೆ ಅದನ್ನು ಯಾರೂ ಹೇಳುವುದಿಲ್ಲ. ಎರಡು ಪದರದ ತುಪ್ಪಳ ಹೊತ್ತ ಪ್ರಾಣಿ ಏಪ್ರಿಲ್ ಮಧ್ಯಾಹ್ನ ಫ್ಲ್ಯಾಟಿನ ನೆಲಕ್ಕೆ ಹೊಟ್ಟೆ ಒತ್ತಿ ಏದುಸಿರು ಬಿಡುತ್ತಿರುವಾಗ, ಪಕ್ಕದ ಮನೆಯ ಮಗು ಬಂದು ಅಪ್ಪಿಕೊಂಡರೆ ಸಿಡುಕದೆ ಏನು ಮಾಡೀತು? ಸೆಖೆ, ನೋವು, ಬೇಸರ ಇವೆಲ್ಲ ನಾಯಿಯ ಸಹನೆಯನ್ನು ತಿನ್ನುತ್ತವೆ. ಬಳ್ಳಾರಿ, ಕಲಬುರಗಿ, ರಾಯಚೂರಿನ ಬಿಸಿಲಿಗೆ ಹಸ್ಕಿ ತರುವವರನ್ನು ನಾನು ಕೈಮುಗಿದು ತಡೆಯುತ್ತೇನೆ.

ತಳಿಯ ಹೆಸರು ಹಿಡಿದು ನಿಷೇಧಿಸುವ ಪ್ರಯತ್ನವೂ ಆಯಿತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಪಿಟ್ ಬುಲ್, ರಾಟ್‌ವೀಲರ್, ಅಕಿಟಾ ಸೇರಿ 23 ತಳಿಗಳ ಆಮದು, ಸಾಕಣೆ, ಮಾರಾಟ ನಿಲ್ಲಿಸಲು ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರ ಅಹವಾಲು ಕೇಳಿಲ್ಲವೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದುಮಾಡಿತು. ಹಸ್ಕಿ ಆ ಪಟ್ಟಿಯಲ್ಲಿ ಇರಲಿಲ್ಲ. ಪಟ್ಟಿಯಲ್ಲಿಲ್ಲ ಎಂಬ ಧೈರ್ಯಕ್ಕೆ ಅದನ್ನು ಕೊಂಡವರೂ ಇರಬಹುದು.

ಈಗಾಗಲೇ ಮನೆಯಲ್ಲಿ ಹಸ್ಕಿ ಇದ್ದರೆ ಮಾಡಬೇಕಾದ್ದು ತುಂಬ ಇದೆ. ಬೆಳಗ್ಗೆ ಬಿಸಿಲೇರುವ ಮುಂಚೆ ಒಂದು ತಾಸಾದರೂ ಓಡಿಸಿ. ಕೊರಳಪಟ್ಟಿಗಲ್ಲ, ಎದೆಗೆ ಕಟ್ಟುವ ಹಾರ್ನೆಸ್‌ಗೆ ಹಗ್ಗ ಹಾಕಿ ಎಳೆಯಲು ಬಿಡಿ, ಎಳೆಯುವುದೇ ಅದರ ಸಂತೋಷ. ಕರೆದರೆ ಬರುತ್ತದೆ ಎಂದು ನಂಬಿ ಬಯಲಲ್ಲಿ ಬಿಚ್ಚಬೇಡಿ. ಸೆಖೆಗೆಂದು ಮೈ ಬೋಳಿಸಬೇಡಿ, ಆ ತುಪ್ಪಳ ಬಿಸಿಲಿನಿಂದಲೂ ಚರ್ಮವನ್ನು ಕಾಯುತ್ತದೆ. ವರ್ಷಕ್ಕೆರಡು ಸಲ ಕಂತೆ ಕಂತೆಯಾಗಿ ಉದುರುವಾಗ ಬಾಚಿ ತೆಗೆದರೆ ಸಾಕು. ಊಟದ ತಟ್ಟೆಯ ಹತ್ತಿರ ಮಕ್ಕಳನ್ನು ಬಿಡಬೇಡಿ. ರೇಬಿಸ್ ಲಸಿಕೆಯ ದಿನ ತಪ್ಪಿಸಬೇಡಿ. ಕಚ್ಚಿದರೆ, ಅದು ಸಾಕಿದ ಹಸ್ಕಿಯಾಗಲಿ ಬೀದಿಯ ಮರಿಯಾಗಲಿ, ಗೀರಿದಷ್ಟೇ ಎನಿಸಿದರೂ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ ಮೆತ್ತಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಶುರುಮಾಡಿಸಿ. ರಕ್ತ ಬಂದಿದ್ದರೆ ಇಮ್ಯುನೊಗ್ಲಾಬ್ಯುಲಿನ್ ಬೇಕೇ ಎಂದು ವೈದ್ಯರನ್ನು ನೀವೇ ಬಾಯಿಬಿಟ್ಟು ಕೇಳಿ.